ಮಾಯ್ದ ಗಾಯದಲ್ಲಿ ಮಾಯದ ನೋವು

ಓದುಗರ ಪ್ರಶ್ನೆಗಳಿಗೆ ಅರಿವಳಿಕೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಬಲಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಗಿದ್ದು, ಮುಂದಿನ ತಿಂಗಳು ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನಮ್ಮ ಪರಿಚಯದವರೊಬ್ಬರಿಗೆ ಇದೇ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದರೂ ಕಂಕುಳು ಮತ್ತು ತೋಳಿನ ಒಳಭಾಗ ಉರಿಯುತ್ತಲೇ ಇವೆ. ರವಿಕೆಯ ತೋಳು ತಾಗಿದರೂ ಅವರಿಗೆ ಸಹಿಸಲಾಗದು. ಆಪರೇಷನ್ ಸಮಯದಲ್ಲೇ ಮರಗಟ್ಟಿಸುವ ಔಷಧ ಕೊಟ್ಟರೆ ಇಂಥ ನೋವನ್ನು ತಡೆಯಬಹುದೆಂದು ಕೇಳಿದ್ದೇನೆ. ಇದು ನಿಜವೇ? ಪೂರ್ಣ ಅರಿವಳಿಕೆ ಕೊಟ್ಟಮೇಲೆ ಮತ್ತೆ ಮರಗಟ್ಟಿಸುವ ಅಗತ್ಯವೇನು?
— ಓದುಗರೊಬ್ಬರು, ಶಿರಸಿ

ಉತ್ತರ: ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಪೂರ್ಣ ಅರಿವಳಿಕೆಯಲ್ಲಿ ಎಚ್ಚರ ತಪ್ಪುವುದು ಮಿದುಳಿಗೆ, ನರಗಳಿಗಲ್ಲ. ಗಾಢ ನಿದ್ದೆಯಲ್ಲಿರುವ ರೋಗಿಯ ಚರ್ಮಕ್ಕೆ ಚಾಕು ತಾಗಿದ ಮರುಕ್ಷಣ, ನೋವಿನ ಔಷಧ ಸಾಲದೆ ಇದ್ದರೆ, ಮಾನಿಟರಿನ ಮೇಲೆ ನಾಡಿಬಡಿತ 70ರಿಂದ 90ಕ್ಕೆ ಏರುವುದನ್ನು ನಾವು ನಿತ್ಯವೂ ನೋಡುತ್ತೇವೆ. ಮಲಗಿದವರಿಗೆ ತಿಳಿಯದಿದ್ದರೂ ಪೆಟ್ಟಿನ ಸುದ್ದಿ ಬೆನ್ನುಹುರಿಯನ್ನು ಮುಟ್ಟಿದೆ ಎಂದೇ ಇದರ ಅರ್ಥ.

ಹೀಗೆ ಒಂದೇ ಸಮನೆ ಸುದ್ದಿ ಬಂದಪ್ಪಳಿಸಿದಾಗ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗಿಬಿಡುತ್ತವೆ ಎಂಬುದನ್ನು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ಆ ಮೇಲೆ ಬಟ್ಟೆಯ ಸ್ಪರ್ಶವೂ ನೋವಾಗಿಯೇ ದಾಖಲಾಗುತ್ತದೆ. ತಮ್ಮ ಪರಿಚಯದವರ ರವಿಕೆಯ ತೋಳಿನ ಕಥೆಯಲ್ಲಿ ಇದರ ಪಾಲೂ ಇರಬಹುದು. ಶಸ್ತ್ರಚಿಕಿತ್ಸೆಯ ನಂತರ ಹುಟ್ಟಿಕೊಂಡ ಅಥವಾ ಹೆಚ್ಚಾದ ನೋವು, ಬೇರೆ ಕಾರಣವಿಲ್ಲದೆ 3 ತಿಂಗಳಿಗೂ ಮೀರಿ ಉಳಿದರೆ ಅದನ್ನು ದೀರ್ಘಕಾಲಿಕ ನೋವು ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವೇ ದೊರೆತಿದೆ. ಆದ್ದರಿಂದ ‘ಗಾಯ ಮಾಯ್ದಿದೆ, ಇನ್ನೇನು ನೋವು’ ಎಂದು ಯಾರಾದರೂ ಅಂದರೆ ಅದನ್ನು ಒಪ್ಪಬೇಕಾಗಿಲ್ಲ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ನೂರರಲ್ಲಿ 20ರಿಂದ 30 ಮಂದಿಗೆ ಇಂಥ ನೋವು ಉಳಿಯುತ್ತದೆಂದು 2006ರ ಒಂದು ಪ್ರಮುಖ ಸಮೀಕ್ಷಾ ಲೇಖನ ಅಂದಾಜಿಸಿತ್ತು. ಅವರೆಲ್ಲರ ನೋವೂ ತೀವ್ರವಾದದ್ದಲ್ಲ.

ಸುದ್ದಿಯನ್ನು ದಾರಿಯಲ್ಲೇ ತಡೆಯುವುದು ಮರಗಟ್ಟಿಸುವ ಚುಚ್ಚುಮದ್ದಿನ ಕೆಲಸ. ಸ್ತನದ ಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಬಳಸುವ ಒಂದು ವಿಧಾನದಲ್ಲಿ, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತಾ, ಬೆನ್ನುಮೂಳೆಯ ಪಕ್ಕದಲ್ಲಿ ನರಗಳು ಹೊರಬೀಳುವ ಸಂದಿಗೆ ಸೂಜಿ ತೂರಿಸಿ ಬ್ಯುಪಿವಕೇನ್ ಅಥವಾ ರೋಪಿವಕೇನ್ ಔಷಧವನ್ನು ಬಿಡುತ್ತೇವೆ. ಪರದೆಯ ಮೇಲೆ ಶ್ವಾಸಕೋಶದ ಹೊದಿಕೆಯ ಬಿಳಿಗೆರೆ ಮೆಲ್ಲನೆ ಕೆಳಕ್ಕೆ ತಳ್ಳಲ್ಪಟ್ಟರೆ ಔಷಧ ಸರಿಯಾದ ಜಾಗ ಸೇರಿತೆಂದು ತಿಳಿಯುತ್ತದೆ. ಎದೆಯ ಆ ಅರ್ಧಭಾಗ ಹಲವು ಗಂಟೆಗಳ ಕಾಲ ಮರಗಟ್ಟಿರುತ್ತದೆ.

ಇದರಿಂದ ದೀರ್ಘಕಾಲಿಕ ನೋವು ತಪ್ಪುತ್ತದೆಯೇ ಎಂಬುದಕ್ಕೆ ನೇರವಾದ ‘ಹೌದು’ ಎನ್ನುವ ಧೈರ್ಯ ನನಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆಯ ಪ್ರಕಾರ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ 7 ಮಂದಿಗೆ ಇಂಥ ಅರಿವಳಿಕೆ ಕೊಟ್ಟರೆ ಒಬ್ಬರಿಗೆ ಉಳಿಯಬಹುದಾಗಿದ್ದ ನೋವು ತಪ್ಪುತ್ತದೆ. ಆದರೆ ಆ ಪುರಾವೆಯ ಗುಣಮಟ್ಟ ಕಡಿಮೆಯೆಂದು ಸಮೀಕ್ಷಕರೇ ಹೇಳಿದ್ದರು. ಮರುವರ್ಷ ಪ್ರಕಟವಾದ, 2,100ಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ ಅಧ್ಯಯನದಲ್ಲಿ ಒಂದು ವರ್ಷದ ನಂತರ ನೋವಿದ್ದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು: ಮರಗಟ್ಟಿಸಿದವರಲ್ಲಿ ನೂರಕ್ಕೆ 28, ಇಲ್ಲದವರಲ್ಲಿ 27. ಇದು ನನಗೆ ಆಶ್ಚರ್ಯವೆನಿಸಲಿಲ್ಲ. ಕಂಕುಳನ್ನು ಹಾದು ತೋಳಿನ ಒಳಭಾಗಕ್ಕೆ ಹೋಗುವ ಒಂದು ನರವಿದೆ. ಗ್ರಂಥಿಗಳನ್ನು ಬಿಡಿಸುವಾಗ ಅದು ಕತ್ತರಿಸಿಹೋದರೆ ಅಥವಾ ಎಳೆದಾಡಿದಂತಾದರೆ, ಮೊದಲ ದಿನದ ಮರಗಟ್ಟುವಿಕೆ ಆ ಹಾನಿಯನ್ನು ಸರಿಪಡಿಸಲಾರದು. ಆದಕಾರಣ ಆ ನರವನ್ನು ಉಳಿಸಲು ಸಾಧ್ಯವೇ ಎಂದು ಶಸ್ತ್ರಚಿಕಿತ್ಸಕರನ್ನೂ ಕೇಳಿರಿ.

ಹಾಗಿದ್ದೂ ನನ್ನ ಅಕ್ಕನೇ ಆಗಿದ್ದರೆ ಆ ಚುಚ್ಚುಮದ್ದನ್ನು ಕೊಡಿಸುತ್ತಿದ್ದೆ. ಮೊದಲ ದಿನದ ನೋವು, ವಾಂತಿ, ಮಾರ್ಫಿನ್‌ನಂಥ ಔಷಧಗಳ ಅಗತ್ಯ ಅದರಿಂದ ಕಡಿಮೆಯಾಗುತ್ತವೆ. ಮುಂದಿನ ಲಾಭ ಸಿಕ್ಕರೆ ಸಿಗಲಿ. ಆರಂಭದ ದಿನಗಳಲ್ಲಿ ತೀವ್ರ ನೋವುಂಡವರಲ್ಲಿಯೇ ನೋವು ಉಳಿದುಕೊಳ್ಳುವುದು ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿರುವುದರಿಂದ, ಹಲ್ಲು ಕಚ್ಚಿ ಸಹಿಸುವ ನಮ್ಮ ಮನೆಯ ಹೆಣ್ಣುಮಕ್ಕಳ ಅಭ್ಯಾಸವನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟುಬರಲು ಅಕ್ಕನಿಗೆ ಹೇಳಿರಿ. ಈಗಾಗಲೇ ಅವರಿಗೆ ತಲೆನೋವೋ ಕತ್ತುನೋವೋ ಬಹುಕಾಲದಿಂದ ಇದ್ದರೆ ಅದನ್ನೂ ಅರಿವಳಿಕೆ ತಪಾಸಣೆಯ ದಿನವೇ ತಿಳಿಸಬೇಕು. ಅಂಥವರಿಗೆ ಅಪಾಯ ಹೆಚ್ಚು.

ಪ್ರಶ್ನೆ: ಕೆಟಮಿನ್ ಅಥವಾ ಪ್ರಿಗ್ಯಾಬಲಿನ್ ಕೊಟ್ಟರೂ ಇದೇ ಫಲ ಸಿಗುವುದೇ?
— ಓದುಗರೊಬ್ಬರು, ಹಾಸನ

ಉತ್ತರ: ಮನುಷ್ಯರಿಗೆ 1964ರಲ್ಲಿ ಮೊದಲ ಬಾರಿ ಕೊಡಲಾದ ಅರಿವಳಿಕೆ ಔಷಧ ಕೆಟಮಿನ್, ಬೆನ್ನುಹುರಿಯನ್ನು ಅತಿಸೂಕ್ಷ್ಮಗೊಳಿಸುವ ಗ್ರಾಹಕಗಳನ್ನೇ (ನರಕೋಶಗಳು ಸುದ್ದಿಯನ್ನು ಸ್ವೀಕರಿಸುವ ಬಾಗಿಲುಗಳನ್ನೇ) ಮುಚ್ಚುವುದರಿಂದ ಅದರ ಮೇಲೆ ನಮಗೆ ಬಹಳ ಭರವಸೆಯಿತ್ತು, ಅಧ್ಯಯನಗಳ ಫಲಿತಾಂಶ ಮಾತ್ರ ಒಂದೇ ರೀತಿಯಾಗಿಲ್ಲ. ನರಗಳ ನೋವಿಗೆ ಕೊಡುವ ಔಷಧವಾದ ಪ್ರಿಗ್ಯಾಬಲಿನ್ ಅನ್ನು ಈ ಉದ್ದೇಶಕ್ಕೆ ಎಲ್ಲರಿಗೂ ಕೊಡುವುದನ್ನು ನಾನು ಒಪ್ಪುವುದಿಲ್ಲ. ಪ್ರಯೋಜನ ಅನುಮಾನಾಸ್ಪದ, ತಲೆಸುತ್ತು ಮತ್ತು ಮಂಪರು ಮಾತ್ರ ಖಚಿತ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಹೊಸದೊಂದು ಶಸ್ತ್ರಚಿಕಿತ್ಸೆಯೇ ಬೇಕಾದೀತು.

ಪ್ರಶ್ನೆ: ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜೀವನಪೂರ್ತಿ ಸೊಂಟನೋವು ಬರುತ್ತದೆಂದು ಅತ್ತೆ ಹೇಳುತ್ತಾರೆ. ನೋವು ತಡೆಯಲು ಹೋಗಿ ನೋವನ್ನೇ ತಂದುಕೊಂಡಂತಾಗದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದುಂಟು, ಆದರೆ ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಅದು ಕಾರಣವೆನ್ನಲು ಆಧಾರವಿಲ್ಲ. ಹೆರಿಗೆಯ ನಂತರ ಸೊಂಟನೋವು ಬರುವವರು ಬಹಳ ಮಂದಿ, ಸೂಜಿ ಚುಚ್ಚಿಸಿಕೊಳ್ಳದವರೂ ಅವರಲ್ಲಿದ್ದಾರೆ. ಅತ್ತೆಯವರು ಕಂಡಿರುವುದು ಬಹುಶಃ ಇದನ್ನೇ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ರಕ್ತ ತೆಳುಮಾಡುವ ಮಾತ್ರೆಗಳ ವಿಷಯದಲ್ಲಿ. ಅವುಗಳನ್ನು ನುಂಗುತ್ತಿರುವವರು ಮಾತ್ರೆಯ ಹಾಳೆಯನ್ನೇ ತಪಾಸಣೆಗೆ ತಂದು ತೋರಿಸಬೇಕು. ಯಾವುದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂಬುದನ್ನು ಅರಿವಳಿಕೆ ತಜ್ಞರೂ ಆ ಮಾತ್ರೆ ಬರೆದ ವೈದ್ಯರೂ ಸೇರಿ ತೀರ್ಮಾನಿಸುತ್ತಾರೆ.