ಮಕ್ಕಳಿರುವ ಮನೆ, ಬಂದೂಕು ಇರುವ ಮನೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಬಂದೂಕಿನ ಸುತ್ತಲೇ ಇವೆ. ಕೆಲವು ಆಟದ್ದು, ಕೆಲವು ನಿಜದ್ದು. ಮಕ್ಕಳ ಡಾಕ್ಟರಾಗಿ ನನಗೆ ಇವೆರಡರ ನಡುವಿನ ದೂರ ಬಹಳ ಕಡಿಮೆ ಅನಿಸುತ್ತದೆ. ಹಾಗಾಗಿ ಹಲ್ಲು ಹುಳುಕು, ಊಟದ ಹಟದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಇವಕ್ಕಷ್ಟೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಹುಟ್ಟುಹಬ್ಬಕ್ಕೆ ಅವನ ಕಾಕಾ ಛರ್ರೆ ಹಾರಿಸುವ ಪಿಸ್ತೂಲು ತಂದುಕೊಟ್ಟಿದ್ದಾರೆ, ಹಳದಿ ಪ್ಲಾಸ್ಟಿಕ್ ಗುಂಡುಗಳದ್ದು. ಸಂಜೆಯಾದರೆ ಸೊಸೈಟಿಯ ಹುಡುಗರೆಲ್ಲ ಪಾರ್ಕಿಂಗ್‌ನಲ್ಲಿ ಕಳ್ಳ-ಪೊಲೀಸ್ ಆಡುತ್ತಾರೆ. "ಇಂಥದ್ದು ಕೊಟ್ಟರೆ ಹುಡುಗ ಗೂಂಡಾ ಆಗ್ತಾನೆ" ಅಂತ ಅತ್ತೆ. "ನಾವೂ ಟಿಕಲಿ ಪಟಾಕಿಯ ಪಿಸ್ತೂಲು ಹೊಡೆದೇ ದೊಡ್ಡವರಾದದ್ದು" ಅಂತ ಯಜಮಾನರು. ಯಾರ ಮಾತು ಕೇಳಲಿ?
(ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ತಂಗಿ, ಅತ್ತೆಯವರ ಹೆದರಿಕೆಯಲ್ಲಿ ಹುರುಳಿದೆ, ಆದರೆ ಹೆದರಬೇಕಾದದ್ದು ಕಣ್ಣಿನ ಬಗ್ಗೆ. ಕೋಲನ್ನೇ ಬಂದೂಕು ಮಾಡಿಕೊಂಡು "ಢಿಶುಂ" ಅನ್ನುವ ಮಗು ದೊಡ್ಡವನಾದ ಮೇಲೆ ಹೊಡೆದಾಟಕ್ಕಿಳಿಯುತ್ತದೆ ಎನ್ನಲು ನಾನು ಓದಿದ್ದರಲ್ಲಿ, ನೋಡಿದ್ದರಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಕಳ್ಳ-ಪೊಲೀಸ್ ಆಡಲಿ ಬಿಡಿ. ಎದುರಿನ ಮಗು ಅಳುತ್ತಿದ್ದರೂ ಇವನು ನಿಲ್ಲಿಸದೆ ಹೊಡೆಯುತ್ತಲೇ ಇದ್ದರೆ ಆಗ ಕೂರಿಸಿಕೊಂಡು ಮಾತಾಡಿ.

ಆದರೆ ಆ ಹಳದಿ ಛರ್ರೆಯ ಪಿಸ್ತೂಲನ್ನು ಇವತ್ತೇ ತೆಗೆದಿಡಿ. ಕಣ್ಣಿಗೆ ಛರ್ರೆ ಬಡಿದ ಮಗುವನ್ನು ಕರೆತಂದಾಗ ಹೊರಗಿನಿಂದ ಅಂಥದ್ದೇನೂ ಕಾಣುವುದಿಲ್ಲ. ಸ್ವಲ್ಪ ಕೆಂಪು, ಸ್ವಲ್ಪ ನೀರು. ಟಾರ್ಚ್ ಬಿಟ್ಟು ನೋಡಿದರೆ ಕಪ್ಪುಗುಡ್ಡೆಯ ಮುಂದೆ, ಕೆಳಭಾಗದಲ್ಲಿ, ರಕ್ತ ಒಂದು ಗೆರೆಯಾಗಿ ನಿಂತಿರುತ್ತದೆ. ಆ ರಕ್ತ ಕರಗಬಹುದು. ಆದರೆ ಒಳಗಿನ ಒತ್ತಡ ಏರಿ, ವರ್ಷಗಳ ನಂತರ ಗ್ಲಾಕೋಮಾ ಆಗಿ, ಕಣ್ಣು ಮೆಲ್ಲಗೆ ಹೋಗುವ ಸಾಧ್ಯತೆ ಉಳಿದೇ ಇರುತ್ತದೆ. ಆರು ವರ್ಷದ ಹುಡುಗ "ಮುಖಕ್ಕೆ ಹೊಡೆಯಲ್ಲ" ಎಂದು ಆಣೆ ಮಾಡಿದರೂ ಓಡುತ್ತಾ ಹೊಡೆದ ಗುಂಡು ಎಲ್ಲಿ ಬೀಳುತ್ತದೆ ಎಂಬುದು ಅವನ ಕೈಯಲ್ಲಿಲ್ಲ. ಪಾರ್ಕಿಂಗ್‌ನ ಸಿಮೆಂಟ್ ಕಂಬಕ್ಕೆ ಬಡಿದು ವಾಪಸ್ ಬರುವ ಗುಂಡಂತೂ ಯಾರ ಕೈಯಲ್ಲೂ ಇಲ್ಲ.

ಹೀಗೆ ಪೆಟ್ಟು ಬಿದ್ದರೆ ಕಣ್ಣು ಉಜ್ಜಬೇಡಿ, ಒತ್ತಬೇಡಿ, ಮನೆಯ ಹನಿಔಷಧ ಹಾಕಬೇಡಿ. ಚಹಾ ಕುಡಿಯುವ ಪೇಪರ್ ಲೋಟದ ತಳಭಾಗವನ್ನು ಕತ್ತರಿಸಿ ತೆಗೆದು, ಅದನ್ನು ಕಣ್ಣಿಗೆ ತಾಗದ ಹಾಗೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ, ಪಟ್ಟಿ ಅಂಟಿಸಿಕೊಂಡು ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ಈಗ ಜೆಲ್ ಗುಂಡಿನ ಬಂದೂಕೂ ಬಂದಿದೆ. ಒಣಗಿದಾಗ ಸಾಸಿವೆಯಷ್ಟಿರುವ ಕಾಳು, ನೀರಲ್ಲಿ ನೆನೆದರೆ ದುಂಡಗೆ ಉಬ್ಬುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ತಂಗಿಯೋ ತಮ್ಮನೋ ಇದ್ದರೆ ಇದು ಬೇಡವೇ ಬೇಡ. ನುಂಗಿದರೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತದೆ, ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಅಮೆರಿಕದ ದೊಡ್ಡ ಅಂಗಡಿಗಳು 2023ರ ಕೊನೆಯಲ್ಲಿ ಮಕ್ಕಳಿಗೆಂದು ಈ ಕಾಳು ಮಾರುವುದನ್ನೇ ನಿಲ್ಲಿಸಿದವು. ಇನ್ನು ತುದಿಗೆ ರಬ್ಬರ್ ಬಟ್ಟಲಿರುವ ಬಾಣ. ಗೋಡೆಗೆ ಚೆನ್ನಾಗಿ ಅಂಟಲಿ ಎಂದು ಮಕ್ಕಳು ಅದನ್ನು ಬಾಯಿಗೆ ಹಾಕಿ ಒದ್ದೆ ಮಾಡುತ್ತವೆ. ಆ ಗಳಿಗೆಯಲ್ಲಿ ಯಾರಾದರೂ ನಗಿಸಿದರೆ ಸಾಕು, ಆ ಬಟ್ಟಲು ಕಿತ್ತು ಉಸಿರುನಾಳಕ್ಕೆ ಇಳಿಯುತ್ತದೆ. ದೀಪ ಮಿನುಗಿಸಿ ಸದ್ದು ಮಾಡುವ ಪಿಸ್ತೂಲಿನ ಗುಂಡಿ ಬ್ಯಾಟರಿ (ಬಟನ್ ಸೆಲ್) ಎಲ್ಲಕ್ಕಿಂತ ಕೆಟ್ಟದ್ದು. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳ ಸುಡುತ್ತದೆ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಹದಿನಾಲ್ಕರೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಲೋಕಲ್ ಟ್ರೈನಿನಲ್ಲಿ, ಜಾತ್ರೆಯ ಸ್ಟಾಲಿನಲ್ಲಿ ಕೊಂಡದ್ದಕ್ಕೆ ಆ ಗುರುತು ಇದೆಯೇ ನೋಡಿ. ಯಜಮಾನರ ಟಿಕಲಿ ಪಿಸ್ತೂಲು ಬಯಲಲ್ಲಿ, ದೊಡ್ಡವರ ಎದುರು, ಯಾರ ಕಿವಿಯ ಹತ್ತಿರವೂ ಹಿಡಿಯದೆ ಆದರೆ ನನ್ನ ತಕರಾರಿಲ್ಲ.

ದೀಪಾವಳಿ ಹತ್ತಿರ ಬಂದಾಗ ಇನ್ನೊಂದರ ಮೇಲೆ ಕಣ್ಣಿಡಿ: ಕಾರ್ಬೈಡ್ ಗನ್. ಪ್ಲಾಸ್ಟಿಕ್ ಪೈಪು, ಕ್ಯಾಲ್ಸಿಯಂ ಕಾರ್ಬೈಡ್ ತುಂಡು, ನೀರು, ಗ್ಯಾಸ್ ಲೈಟರ್. ನೀರು ತಾಗಿದಾಗ ಅಸಿಟಿಲೀನ್ ಅನಿಲ ಹುಟ್ಟಿ, ಕಿಡಿ ತಗುಲಿದರೆ ಸಿಡಿಯುತ್ತದೆ. ಕೆಲವು ಸಲ ತಡವಾಗುತ್ತದೆ. ಯಾಕೆ ಹೊಡೆಯಲಿಲ್ಲ ಎಂದು ಮಗು ಪೈಪಿನೊಳಗೆ ಇಣುಕುತ್ತದೆ, ಸಿಡಿಯುವುದು ಆಗಲೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್, ವಿದಿಶಾ, ಗ್ವಾಲಿಯರ್ ಕಡೆ ನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಹೀಗೆ ಕಣ್ಣು ಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಕೆಲವರಿಗೆ ದೃಷ್ಟಿ ಹೋಯಿತು. ಆ ಸುದ್ದಿ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೆ ಮೊದಲ ಉಪಚಾರ ಛರ್ರೆಗಿಂತ ಬೇರೆ: ರಾಸಾಯನಿಕ ಕಣ್ಣಿಗೆ ಹೋಗಿರುತ್ತದಾದ್ದರಿಂದ ರೆಪ್ಪೆ ಬಿಡಿಸಿ ಹಿಡಿದು, ನಲ್ಲಿಯ ಶುದ್ಧ ನೀರನ್ನು ಹದಿನೈದು-ಇಪ್ಪತ್ತು ನಿಮಿಷ ಎಡೆಬಿಡದೆ ಸುರಿಯಬೇಕು. ಆಮೇಲೆ ಆಸ್ಪತ್ರೆ.

ಪ್ರಶ್ನೆ: ನಾನು ಬಿಜಾಪುರದವಳು, ಗಂಡನ ಮನೆ ಕೊಡಗಿನ ವಿರಾಜಪೇಟೆ ಹತ್ತಿರ. ನಾವಿರುವುದು ಪುಣೆಯ ವಾನವಡಿಯಲ್ಲಿ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೂ ಸುಗ್ಗಿಯ ಪುತ್ತರಿಗೂ ಊರಿಗೆ ಹೋದಾಗ ಒಂಬತ್ತರ ಮಗ, ಅವನ ದಾಯಾದಿ ಅಣ್ಣಂದಿರು ಎಲ್ಲ ಸೇರುತ್ತಾರೆ. ಮಾವನವರ ಜೋಡುನಳಿಗೆ ಕೋವಿ ಅವರ ಕೋಣೆಯ ಮೂಲೆಯಲ್ಲಿ ನಿಂತಿರುತ್ತದೆ, ತೋಟಾಗಳು ಮೇಜಿನ ಖಾನೆಯಲ್ಲಿ. ನನಗೆ ಎದೆ ಡವಗುಟ್ಟುತ್ತದೆ. "ನಮ್ಮ ಮಕ್ಕಳಿಗೆ ಕೋವಿ ಹೊಸದಲ್ಲ, ಮುಟ್ಟುವುದಿಲ್ಲ" ಅಂತ ಮಾವ. ಹೊರಗಿನಿಂದ ಬಂದ ಸೊಸೆ ಹೇಗೆ ಹೇಳಲಿ?
(ಪುಣೆಯಿಂದ ಒಬ್ಬ ಓದುಗಳು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊಡಗಿನ ಮನೆಗಳಲ್ಲಿ ಕೋವಿಗಿರುವ ಗೌರವ ನನಗೆ ಗೊತ್ತು. ಕೈಲ್‌ಪೊಳ್ದ್ ದಿನ ಅದನ್ನು ತೋಕ್‌ಪೂವಿನಿಂದ ಸಿಂಗರಿಸಿ ದೇವರ ಮುಂದೆ ಇಡುತ್ತಾರೆ, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅದು ಲೈಸೆನ್ಸಿನಿಂದ ವಿನಾಯಿತಿ. ಒಂಬತ್ತು ವರ್ಷದ ಮಗುವಿನ ಕುತೂಹಲಕ್ಕೆ ಯಾವ ಸರ್ಕಾರವೂ ವಿನಾಯಿತಿ ಕೊಡಲಾರದು.

ಮಾವನವರ "ಮುಟ್ಟುವುದಿಲ್ಲ" ಎಂಬ ನಂಬಿಕೆಯನ್ನು ಅಮೆರಿಕದ ವೈದ್ಯರು ಪರೀಕ್ಷಿಸಿ, 2001ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು 29 ಪುಟ್ಟ ಗುಂಪು ಮಾಡಿ, ಒಂದೊಂದೇ ಗುಂಪನ್ನು ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರು. ಒಂದು ಖಾನೆಯಲ್ಲಿ ನೀರಿನ ಪಿಸ್ತೂಲು, ಇನ್ನೊಂದರಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು. ಕನ್ನಡಿಯ ಹಿಂದೆ ನಿಂತು ನೋಡಿದರು. 21 ಗುಂಪಿಗೆ ನಿಜವಾದ ಪಿಸ್ತೂಲು ಸಿಕ್ಕಿತು. 16 ಗುಂಪಿನಲ್ಲಿ ಅದನ್ನು ಕೈಗೆತ್ತಿಕೊಂಡರು. 10 ಗುಂಪಿನಲ್ಲಿ ಯಾರಾದರೊಬ್ಬ ಕುದುರೆ (ಟ್ರಿಗರ್) ಎಳೆದ. ಕಂಡ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಅದು ಆಟದ್ದೋ ನಿಜದ್ದೋ ಗೊತ್ತಾಗಿರಲಿಲ್ಲ. ಮುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಡುಗರಿಗೆ "ಬಂದೂಕು ಮುಟ್ಟಬಾರದು" ಎಂಬಂಥ ಪಾಠ ಮೊದಲೇ ಆಗಿತ್ತು! ಅವರು ಕೆಟ್ಟ ಹುಡುಗರೇನಲ್ಲ. ಆ ವಯಸ್ಸೇ ಹಾಗೆ. ನಾಲ್ಕು ಜನ ಅಣ್ಣತಮ್ಮಂದಿರು ಸೇರಿದಾಗ ಒಬ್ಬನಿಗಿಲ್ಲದ ಧೈರ್ಯ ಎಲ್ಲರಿಗೂ ಬರುತ್ತದೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಬರೆಯುತ್ತೇನೆ. ಆ ಮನೆಗೆ ಬರುವ ದಾಯಾದಿ ಮಕ್ಕಳಲ್ಲಿ ಹದಿನಾರು-ಹದಿನೇಳರವರೂ ಇರಬಹುದು. ಪರೀಕ್ಷೆ ಫಲಿತಾಂಶ, ಪ್ರೀತಿ, ಅಪ್ಪನ ಬೈಗುಳ, ಆ ವಯಸ್ಸಿನ ದುಃಖಕ್ಕೆ ಅಳತೆಯೇ ಇಲ್ಲ. ಆ ದುಡುಕು ಹೆಚ್ಚಿನ ಸಲ ತಾನಾಗಿ ದಾಟಿಹೋಗುತ್ತದೆ, ದಾಟುವವರೆಗೆ ಕೈಗೆ ಕೋವಿ ಸಿಗದಿದ್ದರೆ. 2005ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಹೇಳುತ್ತದೆ: ಬಂದೂಕಿನಿಂದ ಗುಂಡು ತೆಗೆದಿಡುವುದು, ಬಂದೂಕಿಗೆ ಬೀಗ, ಗುಂಡಿಗೆ ಬೀಗ, ಎರಡನ್ನೂ ಬೇರೆ ಬೇರೆ ಕಡೆ ಇಡುವುದು. ಈ ನಾಲ್ಕರಲ್ಲಿ ಒಂದೊಂದೂ ಮಕ್ಕಳ ಆಕಸ್ಮಿಕ ಗುಂಡೇಟನ್ನೂ ಆತ್ಮಹತ್ಯೆಯನ್ನೂ ಕಡಿಮೆ ಮಾಡುವುದರ ಜೊತೆ ಕಂಡುಬಂತು.

ಹಾಗಾದರೆ ಊರಿನ ಮನೆಯಲ್ಲಿ ಏನು ಮಾಡಿಸಬೇಕು? ಕೋವಿಯನ್ನು ಮಡಚಿ, ಎರಡೂ ನಳಿಗೆಯ ತುದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ, ಕಬ್ಬಿಣದ ಬೀರುವಿನೊಳಗೆ ಇಟ್ಟು ಬೀಗ ಹಾಕುವುದು. ತೋಟಾ ಬೇರೆ ಕೋಣೆಯ ಬೇರೆ ಪೆಟ್ಟಿಗೆಯಲ್ಲಿ, ಅದಕ್ಕೂ ಬೀಗ. ಬೀಗದ ಕೈ ಮಾವನವರ ಸೊಂಟದಲ್ಲಿ. ದೇವರ ಫೋಟೋದ ಹಿಂದೆ, ಅಕ್ಕಿ ಡಬ್ಬಿಯ ಕೆಳಗೆ ಇಟ್ಟ ಕೀ ಮನೆಯ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಕಾಡುಹಂದಿ ತೋಟಕ್ಕೆ ನುಗ್ಗುತ್ತದೆ, ಬೀಗ ತೆಗೆಯುವಷ್ಟರಲ್ಲಿ ಓಡಿಹೋಗುತ್ತದೆ ಎಂದು ಅವರು ಹೇಳಬಹುದು. ಹೋದರೆ ಹೋಗಲಿ ಬಿಡಿ.

ಹೇಳುವುದು ಹೇಗೆ? ನೀವು ಹೇಳಬೇಡಿ, ಮಾವನವರ ಮಗನ ಬಾಯಿಂದಲೇ ಹೇಳಿಸಿ. ಊರಿಗೆ ಹೋಗುವ ವಾರ ಮೊದಲೇ ನಿಮ್ಮ ಯಜಮಾನರು ಫೋನ್ ಮಾಡಿ, "ಈ ಸಲ ಮಕ್ಕಳೆಲ್ಲ ಇರ್ತಾರೆ, ನಾವು ಬರೋ ಹೊತ್ತಿಗೆ ಕೋವಿ ಬೀರುವಿನಲ್ಲಿರಲಿ" ಅನ್ನಲಿ. ಬೀಗವಿರುವ ಬೀರು ಇಲ್ಲದಿದ್ದರೆ ಹಬ್ಬದ ಉಡುಗೊರೆಯಾಗಿ ನೀವೇ ಕೊಡಿಸಿ. ಪೂಜೆಯ ದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೋವಿ ತೋರಿಸುವ ಕೆಲಸ ತಾತನದ್ದೇ ಆಗಲಿ. ಖಾಲಿ ಇದೆ ಎಂದು ಗೊತ್ತಿದ್ದರೂ ಮತ್ತೆ ತೆರೆದು ನೋಡುವುದು, ನಳಿಗೆಯನ್ನು ಯಾವತ್ತೂ ಮನುಷ್ಯರ ಕಡೆ ತಿರುಗಿಸದಿರುವುದು, ಎಲ್ಲಾದರೂ ಬಂದೂಕು ಕಂಡರೆ ಮುಟ್ಟದೆ ಆ ಜಾಗ ಬಿಟ್ಟು ಬಂದು ದೊಡ್ಡವರಿಗೆ ಹೇಳುವುದು, ಇದನ್ನೆಲ್ಲ ಅವರ ಬಾಯಿಂದ ಕೇಳಿದರೆ ಮಕ್ಕಳಿಗೆ ತೂಕ ಬರುತ್ತದೆ. ಪಾಠ ಆಯಿತೆಂದು ಬೀಗ ಮಾತ್ರ ತೆಗೆಯಬಾರದು.

ಇಷ್ಟಾದ ಮೇಲೂ ಕೋವಿ ಮೂಲೆಯಲ್ಲೇ ನಿಂತಿದ್ದರೆ, ಆ ಕೋಣೆಗೆ ಬೀಗ ಹಾಕುವವರೆಗೆ ಮಗನನ್ನು ನಿಮ್ಮ ಕಣ್ಣೆದುರೇ ಇಟ್ಟುಕೊಳ್ಳಿ. ಯಾರಾದರೂ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ತಂಗಿ. ನಾನು ನಿಮ್ಮ ಪಕ್ಷ.

ಪ್ರಶ್ನೆ: ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಮುಂದಿನ ತಿಂಗಳು ಆರು ತಿಂಗಳಿಗೆಂದು ಹೋಗುತ್ತಿದ್ದೇವೆ. ಮೊಮ್ಮಗ ಗೆಳೆಯರ ಮನೆಗೆ ಆಡಲು ಹೋಗುತ್ತಾನಂತೆ. ಅಲ್ಲಿ ಮನೆಮನೆಯಲ್ಲೂ ಬಂದೂಕು ಎನ್ನುತ್ತಾರೆ. ಕೇಳುವುದು ಸಭ್ಯತೆಯೇ? ಇಲ್ಲಿಂದ ಅವನಿಗೆ ಆಟದ ಗನ್ ಒಯ್ಯಬಹುದೇ?
(ಒಬ್ಬ ಅಜ್ಜಿ, ಗೋರೆಗಾಂವ್)

ಉತ್ತರ: ಕೇಳಲೇಬೇಕು, ಅಮ್ಮಾ. ಅಮೆರಿಕದಲ್ಲಿ 2020ರಿಂದ ಮಕ್ಕಳ, ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು, ರಸ್ತೆ ಅಪಘಾತವನ್ನೂ ಮೀರಿದೆ. ಆಟಕ್ಕೆ ಕಳಿಸುವ ಮುಂಚೆ ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ತಂದೆ-ತಾಯಿಗೆ ಹೇಳುತ್ತದೆ. ನಿಮ್ಮ ಮಗಳು ಹಿಂದಿನ ದಿನ ಒಂದು ಮೆಸೇಜ್ ಕಳಿಸಲಿ: ಇವನಿಗೆ ಇಂಥದ್ದು ತಿಂದರೆ ಆಗುವುದಿಲ್ಲ, ನಾಯಿ ಇದೆಯೇ, ಈಜುಕೊಳಕ್ಕೆ ಬೇಲಿ ಇದೆಯೇ, ಬಂದೂಕು ಇದ್ದರೆ ಬೀಗದಲ್ಲಿದೆಯೇ. ನಾಲ್ಕರಲ್ಲಿ ಒಂದಾಗಿ ಕೇಳಿದರೆ ಯಾರಿಗೂ ಚುಚ್ಚುವುದಿಲ್ಲ. ಉತ್ತರ ಸರಿಬರದಿದ್ದರೆ ಆ ಗೆಳೆಯನನ್ನೇ ನಿಮ್ಮ ಮನೆಗೆ ಕರೆಯಿರಿ. ನೀವು ಚಕ್ಕುಲಿ ಮಾಡಿಟ್ಟರೆ ಬರುತ್ತಾನೆ.

ಆಟದ ಗನ್ ಒಯ್ಯಬೇಡಿ. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಟಮೀರ್ ರೈಸ್ ಎಂಬ ಹನ್ನೆರಡರ ಹುಡುಗ ನಿಜದಂತೆ ಕಾಣುವ ಆಟದ ಪಿಸ್ತೂಲು ಹಿಡಿದಿದ್ದ. ಅದರ ತುದಿಯಲ್ಲಿರಬೇಕಾದ ಕಿತ್ತಳೆ ಗುರುತು ಇರಲಿಲ್ಲ. ಪೊಲೀಸರ ಕಾರು ಬಂದು ನಿಂತ ಎರಡೇ ಕ್ಷಣದಲ್ಲಿ ಗುಂಡು ಬಿತ್ತು, ಮರುದಿನ ಮಗು ತೀರಿಕೊಂಡಿತು. ಬಣ್ಣಬಣ್ಣದ ಬುಗುರಿ ಒಯ್ಯಿರಿ.

ಪ್ರಶ್ನೆ: ಹದಿಮೂರರ ಮಗ ಶೂಟಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಾನೆ. ಏರ್ ರೈಫಲ್ ಕೊಡಿಸಿ ಮನೆಯಲ್ಲೇ ಅಭ್ಯಾಸ ಮಾಡಿಸಬಹುದೇ?
(ಒಬ್ಬ ತಂದೆ, ಠಾಣೆ)

ಉತ್ತರ: ಕಲಿಯಲಿ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ತಲುಪಿದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಆದರೆ ಫ್ಲಾಟಿನ ಬಾಲ್ಕನಿಯಲ್ಲಿ ಬೇಡ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್‌ಗನ್ನಿಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ ನಿಜ, ಆದರೆ ಆ ಸೀಸದ ಗುಂಡು ಕಣ್ಣನ್ನು ಸೀಳಿ ಒಳಹೋಗಬಲ್ಲದು. ಶೂಟಿಂಗ್ ರೇಂಜ್‌ಗೆ ಸೇರಿಸಿ. ಮೊದಲ ತರಗತಿ ನೀವೂ ಕೂತು ನೋಡಿ. ಹೊಡೆಯದೆ ಇರುವಾಗ ರೈಫಲ್ಲಿನ ನಳಿಗೆಯೊಳಗೆ ಬಣ್ಣದ ಸೇಫ್ಟಿ ಫ್ಲಾಗ್ ಇರುತ್ತದೆ, ಖಾಲಿ ಇದೆ ಎಂದು ದೂರದಿಂದಲೇ ಎಲ್ಲರಿಗೂ ಕಾಣಲಿ ಎಂದು. ಅದನ್ನು ಹಾಕುವುದು, ತೆಗೆಯುವುದು ಕಲಿಸದೆ ಮೊದಲ ದಿನವೇ ಗುರಿ ತೋರಿಸುವ ಕೋಚ್ ಆದರೆ ಬೇರೆ ಕ್ಲಬ್ ಹುಡುಕಿ. ಸ್ವಂತ ರೈಫಲ್ ಕೊಳ್ಳಲು ಅವಸರವಿಲ್ಲ. ಕ್ಲಬ್ಬಿನದ್ದು ಸಿಗುತ್ತದೆಯೇ ಕೇಳಿ, ಒಂದು ವರ್ಷ ಅದರಲ್ಲೇ ಕಲಿಯಲಿ.