ಎಫ್‌ಐಆರ್ ಲೆಕ್ಕ ಒಂದೇ ಸಾಲದು

ಕಾಲೇಜಿನ ಅಧ್ಯಯನಕ್ಕಾಗಿ ಜಿಲ್ಲೆಯಲ್ಲಿ ಕೌಟುಂಬಿಕ ಹಿಂಸೆ ಎಷ್ಟಿದೆ ಅಂತ ತಿಳಿಯಲು ಠಾಣೆಯ ಎಫ್‌ಐಆರ್ ಲೆಕ್ಕ ಸಾಕಾ, ಇಲ್ಲ ಮನೆಮನೆ ಸರ್ವೆ ಮಾಡಬೇಕಾ ಎಂದು ಕೇಳಿದ್ದೀರಿ.

ಎಫ್‌ಐಆರ್ ಒಂದೇ ಸಾಲದು. ಅದು ಹೇಳುವುದು ಎಷ್ಟು ದೂರು ದಾಖಲಾಯಿತು ಅಂತ ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಇಷ್ಟು ಜನ ಠಾಣೆ ಮೆಟ್ಟಿಲು ಹತ್ತಿಲ್ಲ ಅಲ್ವಾ? ಹೀಗೆ ದಾಖಲೆಗೆ ಬಾರದೆ ಉಳಿಯುವುದನ್ನೇ ಡಾರ್ಕ್ ಫಿಗರ್ ಅಂತಾರೆ. ಇನ್ನೊಂದು, ಒಂದೇ ಕೇಸಿನಲ್ಲಿ ಹಲವು ಅಪರಾಧಗಳಿದ್ದರೆ ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಅತಿ ಗಂಭೀರವಾದದ್ದನ್ನು ಮಾತ್ರ ಎಣಿಸುತ್ತದೆ, ಹಾಗಾಗಿ ಹೆಂಡತಿಗೆ ಹಿಂಸೆ ಕೊಟ್ಟು ಕೊಂದ ಪ್ರಕರಣ ಕೊಲೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಆದರೆ ದಯವಿಟ್ಟು ಸುಮ್ನೆ ಪ್ರಶ್ನಾವಳಿ ಹಿಡಿದು ಮನೆಗೆ ನುಗ್ಗಬೇಡಿ. ನೀವು ಕೇಳಿದ್ದು ಗಂಡನ ಕಿವಿಗೆ ಬಿದ್ದರೆ ಅವತ್ತು ರಾತ್ರಿ ಪೆಟ್ಟು ತಿನ್ನುವವಳು ಅವಳು. ಅದಕ್ಕೇ ಆ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳಿಗೆ ಒಂದು ಮನೆಯಿಂದ ಒಬ್ಬಳೇ ಹೆಂಗಸನ್ನು ಆರಿಸುತ್ತಾರೆ, ಏಕಾಂತ ಸಿಗದಿದ್ದರೆ ಆ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ನೀವೂ ಹಾಗೇ ಮಾಡಿ. ಅಧ್ಯಯನದಿಂದ ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುವ ಕಾಲೇಜಿನ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲು ಪಡೆಯಿರಿ, ಹೆಸರು ಬರೆದುಕೊಳ್ಳಬೇಡಿ, 181 ಮಹಿಳಾ ಸಹಾಯವಾಣಿಯ ನಂಬರು ಬಾಯಲ್ಲೇ ಹೇಳಿ, ಚೀಟಿ ಕೊಡಬೇಡಿ. ಇಷ್ಟಕ್ಕೆಲ್ಲ ಸಮಯವಿಲ್ಲ ಅಂದರೆ ಸರ್ವೆ ಬಿಟ್ಟು, ಸಮೀಕ್ಷೆಯ ಪ್ರಕಟಿತ ಅಂಕಿಗಳನ್ನು ಎಫ್‌ಐಆರ್ ಜತೆ ಇಟ್ಟು ಬರೆಯಿರಿ.

ಎಫ್‌ಐಆರ್ ಹುಡುಕುವಾಗ 2024ರ ಜುಲೈ 1ಕ್ಕೆ ಮುಂಚಿನ ಘಟನೆಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯ 498ಎ (ಗಂಡ ಅಥವಾ ಅವನ ಸಂಬಂಧಿಕರ ಕ್ರೌರ್ಯ), ಆಮೇಲಿನವಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ನೋಡಿ.