ತೆರವು ನೋಟಿಸ್ ಅಂಟಿಸಿದ್ದರೆ ಮೊದಲು ಮಾಡಬೇಕಾದ್ದು
ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಪಕ್ಕದ ನಮ್ಮ ಕಾಲನಿಗೆ ತೆರವು ನೋಟಿಸ್ ಅಂಟಿಸಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೀರಿ. ಹದಿನೈದು ವರ್ಷದಿಂದ ಇರುವ ಕಾಲನಿಗೆ ಏಳು ದಿನದಲ್ಲಿ ಖಾಲಿ ಮಾಡಿ ಅಂದಿದ್ದಾರೆ ಅಂದ್ರೆ, ನಿಮ್ಮ ಜಾಗ ಬಹುಶಃ 1973ರ ಕರ್ನಾಟಕ ಕೊಳಚೆ ಪ್ರದೇಶ ಕಾಯ್ದೆಯ 3ನೇ ಸೆಕ್ಷನ್‌ನಡಿ ಕೊಳಚೆ ಪ್ರದೇಶ ಅಂತ ಘೋಷಣೆ ಆಗಿಲ್ಲ. ಕಾಗದದಲ್ಲಿ ನೀವು ಬರೀ ಒತ್ತುವರಿದಾರರು. ಹಾಗಂತ ಸುಮ್ನೆ ಎಬ್ಬಿಸೋಕೆ ಬರಲ್ಲ.

ನೋಟಿಸನ್ನು ಕೀಳಬೇಡಿ. ಗೋಡೆ ಮೇಲೆ ಇರುವ ಹಾಗೇ ಫೋಟೋ ತೆಗೆಯಿರಿ. ದಿನಾಂಕ, ಸಹಿ, ಮೊಹರು, ಸರ್ವೆ ನಂಬರ್ ಓದೋ ಹಾಗಿರಲಿ. ಸರ್ವೆ ನಂಬರೇ ಇಲ್ಲದಿದ್ದರೆ ವಕೀಲರು ಮೊದಲು ಹಿಡಿಯೋದೇ ಅದನ್ನ. ಆಮೇಲೆ ಮನೆಮನೆಯ ರೇಷನ್ ಕಾರ್ಡ್, ವೋಟರ್ ಐಡಿ, ಕರೆಂಟ್ ಬಿಲ್ ಸೇರಿಸಿ. ಹಳೆಯದಾದಷ್ಟೂ ಒಳ್ಳೇದು.

ನಾಳೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಹಾಗಾಗಿ ಅರ್ಜಿಯಲ್ಲಿ ಹೆಂಗಸರ ಹೆಸರು ಮುಂದಿಡಿ. ಹೈಕೋರ್ಟಿನಲ್ಲಿ ರಿಟ್ (ಸರ್ಕಾರದ ಕ್ರಮ ಪ್ರಶ್ನಿಸೋ ಅರ್ಜಿ) ಹಾಕಿಸಿ ತೆರವಿಗೆ ತಡೆ ಕೇಳಿ.

ಕೆಡವೋ ಮುಂಚೆ ಕನಿಷ್ಠ 15 ದಿನದ ನೋಟಿಸ್ ಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ಕೆರೆ, ನದಿ ಜಾಗಕ್ಕೆ ಅದು ಅನ್ವಯಿಸಲ್ಲ. ನಿಮ್ಮದು ರಾಜಕಾಲುವೆ ಪಕ್ಕ ಅಂತೀರಿ, ಆದ್ದರಿಂದ ತಡೆ ಸಿಕ್ಕೇ ಸಿಗುತ್ತೆ ಅಂತ ಹೇಳಲಾರೆ. ಅಂಥ ಕಡೆ ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಅಂದ 1985ರ ಓಲ್ಗಾ ಟೆಲ್ಲಿಸ್ ತೀರ್ಪು ತೋರಿಸಿ, ಬದಲಿ ಮನೆಗೂ ಪಟ್ಟು ಹಿಡಿಯಿರಿ.

ಜೊತೆಗೇ ಕೊಳಚೆ ಪ್ರದೇಶ ಅಂತ ಘೋಷಣೆ ಕೋರಿ ಸ್ಲಂ ಬೋರ್ಡಿಗೆ (ಕೊಳಚೆ ಪ್ರದೇಶಗಳನ್ನು ನೋಡಿಕೊಳ್ಳೋ ಸರ್ಕಾರಿ ಮಂಡಳಿ) ಅರ್ಜಿ ಕೊಡಿ, ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.